ಭೂಮಿಯ ಕಕ್ಷೆ ದುಂಡಗೆ ಬರೆದದ್ದಕ್ಕೆ ಮಗಳಿಗೆ ಸೊನ್ನೆ. ತಪ್ಪು ಯಾರದ್ದು?

ಪೆರ್ಲದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಕನ್ನಡ ಮೀಡಿಯಂ, ಒಂಬತ್ತನೇ ಕ್ಲಾಸು. ಕಳೆದ ವಾರ ಟೆಸ್ಟಿನಲ್ಲಿ ಭೂಮಿಯ ಕಕ್ಷೆಯ ಚಿತ್ರ ಬರೆಯಲಿಕ್ಕೆ ಕೇಳಿದ್ದರು. ಇವಳು ಕೈವಾರ ಹಿಡಿದು ದುಂಡಗೆ ಒಂದು ವೃತ್ತ ಎಳೆದಿದ್ದಾಳೆ. ಸೂರ್ಯನನ್ನು ನಡುವಿನಿಂದ ಒಂಚೂರು ಪಕ್ಕಕ್ಕೆ ಇಟ್ಟಿದ್ದಾಳೆ. ಎರಡರಲ್ಲಿ ಸೊನ್ನೆ. ಕೆಂಪು ಶಾಯಿಯಲ್ಲಿ "ದೀರ್ಘವೃತ್ತ" ಅಂತ ಬರೆದು ಅಡಿಗೆರೆ ಬೇರೆ.

ಮನೆಗೆ ಬಂದು ಒಂದೇ ಗಲಾಟೆ. "ನಾನು ಲೆಕ್ಕ ನೋಡಿಯೇ ಬರೆದದ್ದು ಅಮ್ಮ" ಅಂತ. ನಾನು ಓದಿದ್ದು ಕಾಮರ್ಸು. ಹಳೆಯ ಗೈಡಿನಲ್ಲಿ ನೋಡಿದರೆ ಹಲಸಿನಕಾಯಿಯನ್ನು ಅಡ್ಡ ಮಲಗಿಸಿದ ಹಾಗೆ ಉದ್ದಕ್ಕೆ ಉಂಟು ಚಿತ್ರ. ಯಾವುದು ಸರಿ? ಜಗಳ ಮಾಡಲಿಕ್ಕಲ್ಲ, ತಿಳಿಯಲಿಕ್ಕೆ ಕೇಳಿದ್ದು.

ಮುಳ್ಳೇರಿಯ ಡಿಶ್

ಪುಸ್ತಕದಲ್ಲಿ ಇದ್ದ ಹಾಗೆ ಬರೆದರೆ ಮಾರ್ಕು. ಇಲ್ಲದಿದ್ದರೆ ಇಲ್ಲ. ಇಷ್ಟೇ ಅಕ್ಕ ನಿಯಮ 😀

ನೀರ್ಚಾಲು ಮಾಷ್ಟ್ರು

ಮಗಳಿಗೆ ನನ್ನ ಲೆಕ್ಕದಲ್ಲಿ ಒಂದೂವರೆ ಮಾರ್ಕು. ಪಾಠ ಮಾಡುವುದು ಬಿಟ್ಟು ಏಳು ವರ್ಷ ಆಯಿತು, ಆದರೂ ಕೈ ಸುಮ್ಮನೆ ಇರುವುದಿಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ.

ಭೂಮಿಯ ಕಕ್ಷೆ ದೀರ್ಘವೃತ್ತವೇ. ಅದರಲ್ಲಿ ಸಂಶಯ ಇಲ್ಲ. ಆದರೆ ಎಷ್ಟು "ದೀರ್ಘ"? ಅದನ್ನು ಯಾರೂ ಹೇಳಿಕೊಡುವುದಿಲ್ಲ. ನೀವೇ ಮಾಡಿ ನೋಡಿ. ಅಂಗಳದಲ್ಲಿ ಎರಡು ಗೂಟ ಹೊಡೆಯಿರಿ. ಎರಡು ಮೀಟರ್ ಹಗ್ಗ ತೆಗೆದುಕೊಂಡು ಒಂದು ತುದಿ ಈ ಗೂಟಕ್ಕೆ, ಇನ್ನೊಂದು ತುದಿ ಆ ಗೂಟಕ್ಕೆ ಕಟ್ಟಿ. ಹಗ್ಗದ ನಡುವೆ ಒಂದು ಕಡ್ಡಿ ಸಿಕ್ಕಿಸಿ, ಬಿಗಿಯಾಗಿ ಎಳೆದು ಹಿಡಿದು ಸುತ್ತ ಗೆರೆ ಎಳೆಯಿರಿ. ಬರುವುದು ದೀರ್ಘವೃತ್ತ. ಗೂಟ ಎರಡು ನಾಭಿ. ಒಂದರಲ್ಲಿ ಸೂರ್ಯ, ಇನ್ನೊಂದರಲ್ಲಿ ಏನೂ ಇಲ್ಲ.

ಭೂಮಿಯ ಕಕ್ಷೆ ಬೇಕಾದರೆ ಆ ಗೂಟಗಳ ನಡುವೆ ಎಷ್ಟು ಜಾಗ ಬಿಡಬೇಕು ಗೊತ್ತುಂಟಾ? 3.3 ಸೆಂಟಿಮೀಟರ್. ಎರಡು ಬೆರಳು ಅಗಲ! ಆಗ ಬರುವ ಆಕಾರದ ಉದ್ದ 2 ಮೀಟರ್. ಅಗಲದಲ್ಲಿ ಆಗುವ ಕೊರತೆ ಕಾಲು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಿಮ್ಮ ಕಡ್ಡಿಯ ಗೆರೆಯೇ ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ದಪ್ಪ ಇರುತ್ತದೆ. ಯಾವ ಕಣ್ಣಿಗೂ ಅದು ವೃತ್ತವೇ.

ಆದರೆ ಸೂರ್ಯ ಇರುವ ಗೂಟ ನಡುವಿನಿಂದ 1.67 ಸೆಂಟಿಮೀಟರ್ ಪಕ್ಕಕ್ಕೆ ಇರುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಅಂದರೆ ಭೂಮಿಯ ಕಕ್ಷೆಯಲ್ಲಿ ಎದ್ದು ಕಾಣುವ ವಿಷಯ ಅದು ಚಪ್ಪಟೆಯಾದದ್ದಲ್ಲ, ಸೂರ್ಯ ನಡುವಿನಲ್ಲಿ ಇಲ್ಲದ್ದು. ಮಗಳು ಬರೆದದ್ದು ಅದನ್ನೇ ಅಲ್ವಾ?

ಪುಸ್ತಕದವರದ್ದೂ ಪೂರಾ ತಪ್ಪಲ್ಲ. ಹರಿವಾಣವನ್ನು ಬದಿಯಿಂದ ನೋಡಿದರೆ ಉದ್ದಕ್ಕೆ ಕಾಣುತ್ತದೆ. ಹಾಗೆ ಓರೆಯಾಗಿ ನೋಡಿದ ಚಿತ್ರ ಅದು. ಓರೆ ಅಂತ ಅಡಿಯಲ್ಲಿ ಒಂದು ಸಾಲು ಬರೆದಿದ್ದರೆ ಈ ಗಲಾಟೆಯೇ ಇರಲಿಲ್ಲ.

ಗಡಿನಾಡ ಪೋರ

ಹಾಗಾದರೆ ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿ ಅನ್ನುವುದು?

ನೀರ್ಚಾಲು ಮಾಷ್ಟ್ರು

ಅದು ಸುಳ್ಳು. ಹತ್ತಿರ ಬರುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿಲೋಮೀಟರ್. ದೂರ ಹೋಗುವುದು ಜುಲೈ ಮೊದಲ ವಾರ, 15.2 ಕೋಟಿ. ಜನವರಿಯಲ್ಲಿ ನಾವು ಬೆಳಿಗ್ಗೆ ತಲೆಗೆ ಶಾಲು ಸುತ್ತಿಕೊಂಡು ಹಾಲಿನ ಡೈರಿಗೆ ಹೋಗುತ್ತೇವೆ. ಋತು ಬರುವುದು ಭೂಮಿಯ ಅಚ್ಚು ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ. ಇದು ಬೇರೆ ಪಾಠ, ಇಲ್ಲಿ ಬೇಡ.

ಬದಿಯಡ್ಕ ಅಡಿಕೆ

ಮಾಷ್ಟ್ರು ಹೇಳಿದ್ದು ಓದಿ ಇವತ್ತು ಬೆಳಿಗ್ಗೆ ಮಾಡಿಯೇ ಬಿಟ್ಟೆ. ಅಡಿಕೆ ಒಣಗಿಸಲಿಕ್ಕೆ ಅಂತ ಸೆಗಣಿ ಸಾರಿಸಿದ ಅಂಗಳ ಇತ್ತು. ಹೆಂಡತಿ ಬೈದಳು, ಆದರೂ ಬಿಡಲಿಲ್ಲ. ಎರಡು ಬೆರಳು ಬಿಟ್ಟು ಎರಡು ಮೊಳೆ. ಬಾಳೆನಾರು ಕಡಿಯಿತು, ಆಮೇಲೆ ಪ್ಲಾಸ್ಟಿಕ್ ಹಗ್ಗ. ಅದು ಎಳೆದಷ್ಟು ಉದ್ದ ಬರುತ್ತದೆ ಮಾರಾಯ್ರೆ. ಕೊನೆಗೆ ಬಾವಿಯ ಹಳೆಯ ಹಗ್ಗದ ಒಂದು ಎಳೆ ಬಿಚ್ಚಿ ಕಟ್ಟಿದೆ.

ಗೆರೆ ಎಳೆದ ಮೇಲೆ ಟೇಪು ಹಿಡಿದು ಉದ್ದ ಅಗಲ ಎರಡೂ ಅಳೆದೆ. ಒಂದು ಸಲ ಉದ್ದ ಜಾಸ್ತಿ, ಇನ್ನೊಂದು ಸಲ ಅಗಲ ಜಾಸ್ತಿ! ಅಂದರೆ ನನ್ನ ಕೈ ನಡುಗಿದ್ದೇ ಭೂಮಿಯ ಚಪ್ಪಟೆಗಿಂತ ದೊಡ್ಡದು. ಆದರೆ ಸೂರ್ಯನ ಮೊಳೆಯಿಂದ ಒಂದು ಕಡೆ 98, ಇನ್ನೊಂದು ಕಡೆ 102 ಸೆಂಟಿಮೀಟರ್ ಹತ್ತಿರ ಬಂತು. ಅದು ಸರಿಯಾಗಿ ಸಿಕ್ಕಿತು.

ಈಗ ನನ್ನ ಪ್ರಶ್ನೆ. ಟೇಪು ಹಿಡಿದ ನನಗೇ ಸಿಗದ್ದು, ಭೂಮಿಯ ಮೇಲೆ ನಿಂತು ಆಕಾಶ ನೋಡಿದ ಮನುಷ್ಯನಿಗೆ ಹೇಗೆ ಸಿಕ್ಕಿತು?

ನೀರ್ಚಾಲು ಮಾಷ್ಟ್ರು

ನೀವು ಕೇಳಿದ್ದೇ ಅಸಲು ಪ್ರಶ್ನೆ. ಭೂಮಿಯಿಂದ ಸಿಕ್ಕಿದ್ದಲ್ಲ, ಮಂಗಳನಿಂದ.

ಡೆನ್ಮಾರ್ಕಿನ ಟೈಕೋ ಬ್ರಾಹೆ ಇಪ್ಪತ್ತು ವರ್ಷಕ್ಕೂ ಮೇಲೆ ಗ್ರಹಗಳನ್ನು ಅಳೆದು ಬರೆದಿಟ್ಟಿದ್ದ. ಆಗ ದೂರದರ್ಶಕ ಇಲ್ಲ, ಬರಿಗಣ್ಣು. ದೊಡ್ಡ ದೊಡ್ಡ ಕೋನಮಾಪಕ, ಅಷ್ಟೇ. 1600ರಲ್ಲಿ ಯೊಹಾನೆಸ್ ಕೆಪ್ಲರ್ ಪ್ರಾಗ್‌ಗೆ ಹೋಗಿ ಅವನ ಜೊತೆ ಸೇರಿದ. ಸಿಕ್ಕಿದ ಕೆಲಸ ಮಂಗಳನ ದಾರಿ. ಮರುವರ್ಷ ಟೈಕೋ ತೀರಿಕೊಂಡ. ಅಳತೆಯ ಪುಸ್ತಕ ಕೆಪ್ಲರ್ ಕೈಗೆ ಬಂತು.

ಕೆಪ್ಲರ್ ಮೊದಲು ಇಟ್ಟದ್ದು ವೃತ್ತವನ್ನೇ, ಸೂರ್ಯ ಪಕ್ಕಕ್ಕೆ. ಪೆರ್ಲದ ಹುಡುಗಿ ಬರೆದ ಹಾಗೆಯೇ! ಲೆಕ್ಕ ಹೆಚ್ಚುಕಡಿಮೆ ಎಲ್ಲಾ ಕಡೆ ಕೂಡಿ ಬಂತು. ಕೆಲವು ಕಡೆ ಮಾತ್ರ 8 ಕಲೆ ವ್ಯತ್ಯಾಸ. ಒಂದು ಡಿಗ್ರಿಯಲ್ಲಿ 60 ಕಲೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು 30 ಕಲೆ. ಅಂದರೆ ಚಂದ್ರನ ಕಾಲು ಭಾಗದಷ್ಟು ತಪ್ಪು. ನಾನಾಗಿದ್ದರೆ "ನೋಡಿದವನ ಕಣ್ಣು ತಪ್ಪಿರಬೇಕು" ಅಂತ ಬಿಟ್ಟುಬಿಡುತ್ತಿದ್ದೆ. ಆದರೆ ಟೈಕೋನ ಕಣ್ಣು ಅಷ್ಟು ತಪ್ಪುವುದಿಲ್ಲ ಅಂತ ಕೆಪ್ಲರ್‌ಗೆ ಗೊತ್ತಿತ್ತು. ವರ್ಷಗಟ್ಟಲೆ ಮಾಡಿದ ಲೆಕ್ಕ ಎತ್ತಿಟ್ಟು ಪುನಃ ಶುರು ಮಾಡಿದ. ನಡುವೆ ಮೊಟ್ಟೆಯ ಆಕಾರವನ್ನೂ ಹಿಡಿದು ನೋಡಿದ್ದಾನೆ, ಅದೂ ಕೂಡಲಿಲ್ಲ. ಕೊನೆಗೆ ದೀರ್ಘವೃತ್ತ. 1609ರಲ್ಲಿ ಪುಸ್ತಕ ಬಂತು.

ನಿಮ್ಮ ಅಂಗಳದಲ್ಲೇ ಮಂಗಳನನ್ನು ಬರೆಯುವುದಾದರೆ ಗೂಟಗಳ ನಡುವೆ ಸುಮಾರು 19 ಸೆಂಟಿಮೀಟರ್ ಬಿಡಿ. ಆಗ ಅಗಲ ಒಂಬತ್ತು ಮಿಲಿಮೀಟರ್ ಹತ್ತಿರ ಕಡಿಮೆ ಬರುತ್ತದೆ. ಟೇಪಿಗೆ ಸಿಗುತ್ತದೆ. ಬುಧನಿಗೆ 41 ಸೆಂಟಿಮೀಟರ್ ಬಿಟ್ಟರೆ ನಾಲ್ಕು ಸೆಂಟಿಮೀಟರ್ ಮೇಲೆ ಕಡಿಮೆ. ಹ್ಯಾಲಿ ಧೂಮಕೇತುವಿಗೆ 1.93 ಮೀಟರ್ ಬಿಡಬೇಕು, ಹಗ್ಗ ಹೆಚ್ಚುಕಡಿಮೆ ಬಿಗಿದೇ ಇರುತ್ತದೆ. ಆಗ ಬರುವ ಆಕಾರಕ್ಕೆ ಅರ್ಧ ಮೀಟರ್ ಅಗಲ. ಗೈಡಿನ ಚಿತ್ರಕ್ಕಿಂತಲೂ ಉದ್ದ!

ಕುಂಬ್ಳೆ ಜೋಯಿಸ

ಮಾಷ್ಟ್ರೇ, ಒಂದು ಮಾತು. ಸೂರ್ಯ ಒಂದೇ ವೇಗದಲ್ಲಿ ಹೋಗುವುದಿಲ್ಲ ಅನ್ನುವುದು ನಮ್ಮ ಪಂಚಾಂಗದವರಿಗೆ ಆರ್ಯಭಟನ ಕಾಲದಿಂದ ಗೊತ್ತು. ಆ ವ್ಯತ್ಯಾಸಕ್ಕೆ ಲೆಕ್ಕ ತಿದ್ದಲಿಕ್ಕೆ ಮಂದ ಸಂಸ್ಕಾರ ಅಂತ ಮಾಡುತ್ತೇವೆ. ಸೂರ್ಯನ ಮಂದೋಚ್ಚ, ಅಂದರೆ ನಿಧಾನ ಹೋಗುವ ಜಾಗ, ಮಿಥುನ ರಾಶಿಯಲ್ಲಿ. ನಿಮ್ಮ ಜುಲೈ ಮೊದಲ ವಾರವೂ ಮಿಥುನ ಮಾಸವೇ. ಎಲ್ಲದಕ್ಕೂ ಪ್ರಾಗ್‌ಗೆ ಹೋಗಬೇಕಾ?

ಆಟಿ ಅಜ್ಜಿಯ ಪುಳ್ಳಿ

ನಾನು ಮಂಜೇಶ್ವರದವಳು, ಈಗ ಬೆಂಗಳೂರು. ಜೋಯಿಸರ ಮಾತು ಓದಿ ಮೈ ಜುಂ ಅಂತು. ಯಾಕೆ ಅಂತ ಹೇಳುತ್ತೇನೆ.

ನಮ್ಮಜ್ಜಿ ಆಟಿ (ತುಳು ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಬಂದರೆ ಒಂದೇ ರಾಗ. "ಈ ಆಟಿ ಮುಗಿಯುವುದೇ ಇಲ್ಲ." ಮಳೆ, ತೋಟಕ್ಕೆ ಹೋಗುವ ಹಾಗಿಲ್ಲ, ಅಕ್ಕಿ ಮುಡಿ ಖಾಲಿಯಾಗುವ ಸಮಯ. ಕೆಸುವಿನ ಪತ್ರೊಡೆ, ತಗಟೆ ಸೊಪ್ಪು, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ. ಕಷ್ಟದ ತಿಂಗಳು ಉದ್ದ ಕಾಣುತ್ತದೆ ಅಂತ ನಾವೆಲ್ಲ ನಗುತ್ತಿದ್ದೆವು.

ಈಗ ಗೋಡೆಯ ಕ್ಯಾಲೆಂಡರ್ ತೆಗೆದು ಎಣಿಸಿದೆ. ಮೇ ಮಧ್ಯದಿಂದ ಸಾಲಾಗಿ ಬರುವ ಬೇಶ, ಕಾರ್ತೆಲ್, ಆಟಿ, ಈ ಮೂರೂ 31 ದಿನ, ಕೆಲವು ವರ್ಷ ಒಂದಕ್ಕೆ 32. ಡಿಸೆಂಬರ್ ಮಧ್ಯಕ್ಕೆ ಶುರುವಾಗುವ ಪೆರಾರ್ದೆ 29 ಅಥವಾ 30. ನಮ್ಮದು ಸೌರಮಾನ ಅಲ್ವಾ, ಸೂರ್ಯ ಒಂದು ರಾಶಿ ದಾಟುವುದೇ ಒಂದು ತಿಂಗಳು. ರಾಶಿ ಎಲ್ಲಾ ಸಮ, 30 ಡಿಗ್ರಿ. ಹಾಗಾದರೆ ಆಟಿಯಲ್ಲಿ ಅದೇ 30 ಡಿಗ್ರಿಗೆ ಸೂರ್ಯ ಎರಡು ದಿನ ಜಾಸ್ತಿ ತೆಗೆದುಕೊಳ್ಳುತ್ತಾನೆ! ಅಜ್ಜಿ ಹೇಳಿದ್ದು ಸತ್ಯ ಆಯಿತಲ್ಲ. ಅಜ್ಜಿ ಈಗ ಇಲ್ಲ, ಇದ್ದಿದ್ದರೆ ಫೋನ್ ಮಾಡುತ್ತಿದ್ದೆ.

ಮುಳ್ಳೇರಿಯ ಡಿಶ್

ಅಕ್ಕ, ಇದು ಸೂಪರ್.

ನೀರ್ಚಾಲು ಮಾಷ್ಟ್ರು

ಮೂವತ್ತು ವರ್ಷ ಕೆಪ್ಲರನ ಎರಡನೇ ನಿಯಮ ಪಾಠ ಮಾಡಿದೆ. ಆಟಿಯನ್ನು ಉದಾಹರಣೆ ಕೊಡಬಹುದಿತ್ತು ಅಂತ ಒಂದು ದಿನವೂ ಹೊಳೆಯಲಿಲ್ಲ. ನಾಚಿಕೆ ಆಯಿತು.

ಆ ನಿಯಮ ಇಷ್ಟು. ಸೂರ್ಯನಿಂದ ಗ್ರಹಕ್ಕೆ ಒಂದು ಹಿಡಿಸೂಡಿ ಇಟ್ಟಿದೆ ಅಂತ ತಿಳಿಯಿರಿ. ಗ್ರಹ ಹೋದ ಹಾಗೆ ಅದು ಅಂಗಳ ಗುಡಿಸುತ್ತಾ ಹೋಗುತ್ತದೆ. ಒಂದು ದಿನಕ್ಕೆ ಗುಡಿಸುವ ಜಾಗ ಯಾವಾಗಲೂ ಅಷ್ಟೇ. ಹತ್ತಿರ ಇದ್ದಾಗ ಹಿಡಿಸೂಡಿ ಗಿಡ್ಡ. ಅಷ್ಟೇ ಜಾಗ ಗುಡಿಸಬೇಕಾದರೆ ಬೇಗ ಬೇಗ ತಿರುಗಬೇಕು. ದೂರ ಇದ್ದಾಗ ಹಿಡಿಸೂಡಿ ಉದ್ದ, ನಿಧಾನ ಸಾಕು. ಜನವರಿಯಲ್ಲಿ ಭೂಮಿಯ ವೇಗ ಸೆಕೆಂಡಿಗೆ 30.3 ಕಿಲೋಮೀಟರ್, ಜುಲೈಯಲ್ಲಿ 29.3. ಒಂದು ಕಿಲೋಮೀಟರ್ ವ್ಯತ್ಯಾಸ. ಭೂಮಿ ಸುತ್ತುವುದೇ ನಮಗೆ ಸೂರ್ಯ ರಾಶಿ ದಾಟಿದ ಹಾಗೆ ಕಾಣುವುದು. ದೂರ ಇದ್ದಾಗ ವೇಗ ಕಡಿಮೆ, ಅದೇ 30 ಡಿಗ್ರಿಗೆ ದಾರಿಯೂ ಉದ್ದ. ಎರಡೂ ಸೇರಿದ್ದೇ ಪೆರಾರ್ದೆಗೂ ಆಟಿಗೂ ಇರುವ ಎರಡು ದಿನ.

ಬದಿಯಡ್ಕದವರಿಗೆ ಟೇಪಿನಲ್ಲಿ ಸಿಗದ್ದು ಕ್ಯಾಲೆಂಡರಿನಲ್ಲಿ ಸಿಗುತ್ತದೆ ನೋಡಿ. ಇನ್ನೊಂದು ಎಣಿಸಿ: ಮಾರ್ಚಿನ ಸಮ ಹಗಲಿರುಳಿನಿಂದ ಸೆಪ್ಟೆಂಬರಿನ ಸಮ ಹಗಲಿರುಳಿಗೆ 186 ದಿನ. ಅಲ್ಲಿಂದ ಪುನಃ ಮಾರ್ಚಿಗೆ 179. ವರ್ಷವನ್ನು ಸರಿ ಅರ್ಧ ಮಾಡಲಿಕ್ಕೆ ಆಗುವುದಿಲ್ಲ.

ಜೋಯಿಸರೇ, ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ. ವೇಗ ಬದಲಾಗುವುದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು, ಗ್ರೀಕರಿಗೂ ಗೊತ್ತಿತ್ತು. ತಿರೂರು ಕಡೆಯ ನೀಲಕಂಠ ಸೋಮಯಾಜಿಗಳು 1500ರ ಸುಮಾರಿಗೆ ತಂತ್ರಸಂಗ್ರಹ ಅನ್ನುವ ತಮ್ಮ ಗ್ರಂಥದಲ್ಲಿ ಬುಧ ಶುಕ್ರರ ಲೆಕ್ಕ ತಿದ್ದಿದ್ದಾರೆ. ಐದು ಗ್ರಹ ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ ಅನ್ನುವ ಚಿತ್ರ ಅವರದ್ದು. ಟೈಕೋ ಅಂಥದ್ದೇ ಚಿತ್ರ ಕೊಟ್ಟದ್ದು ಅವರ ನಂತರ. ಇದು ಸಣ್ಣ ವಿಷಯ ಅಲ್ಲ. ಆದರೆ ಲೆಕ್ಕಕ್ಕೆ ಇಟ್ಟದ್ದು ವೃತ್ತದ ಮೇಲೆ ವೃತ್ತ. ದೀರ್ಘವೃತ್ತ ಅಂತ ಅವರು ಹೇಳಲಿಲ್ಲ. ಹೇಳದ್ದನ್ನು ಹೇಳಿದ್ದಾರೆ ಅಂತ ನಾವು ಸೇರಿಸಿದರೆ ಅವರ ನಿಜವಾದ ಕೆಲಸ ಮರೆಯಾಗುತ್ತದೆ.

ಕುಂಬ್ಳೆ ಜೋಯಿಸ

ಅದು ಸರಿ. ನಾನೂ ಸೇರಿಸಲಿಲ್ಲವಲ್ಲ.

ಚೆರುವತ್ತೂರಿನ ಅಳಿಯ

ವಿಷಯ ಸ್ವಲ್ಪ ಪಕ್ಕಕ್ಕೆ. 2019 ಡಿಸೆಂಬರ್ 26ರ ಕಂಕಣ ಗ್ರಹಣ ನೆನಪುಂಟಾ? ಭಾರತದಲ್ಲಿ ಚೆನ್ನಾಗಿ ಕಂಡ ಜಾಗದಲ್ಲಿ ನಮ್ಮ ಚೆರುವತ್ತೂರು ಒಂದು. ಮಾವನ ಮನೆಗೆ ಹೋಗಿದ್ದೆ. ಮನೆಯ ಹಂಚಿನ ಸಂದಿನಿಂದ ಚಾವಡಿಗೆ ಬಿಸಿಲು ಬೀಳುತ್ತದೆ, ದಿನಾ ದುಂಡು ದುಂಡು ಚುಕ್ಕಿ. ಅವತ್ತು ಒಂಬತ್ತೂವರೆ ಹತ್ತಿರ ನೋಡುವಾಗ ಆ ಚುಕ್ಕಿಗಳೆಲ್ಲ ಬಳೆ! ನೆಲದ ತುಂಬಾ ಬಳೆ ಚೆಲ್ಲಿದ ಹಾಗೆ. ಅತ್ತೆ ಒಳಗೆ ಕೂತಿದ್ದರು, ಹೊರಗೆ ಬರುವುದಿಲ್ಲ ಅಂತ. ಬಳೆ ಅವರ ಕಾಲ ಬುಡಕ್ಕೇ ಬಂತು.

ಚಂದ್ರ ಪೂರ್ತಿ ಮುಚ್ಚದೆ ಬಳೆ ಉಳಿಯುವುದಕ್ಕೂ ಈ ಕಕ್ಷೆಯೇ ಕಾರಣವಾ?

ನೀರ್ಚಾಲು ಮಾಷ್ಟ್ರು

ಹೌದು. ಚಂದ್ರನದ್ದೂ ದೀರ್ಘವೃತ್ತ, ನಮ್ಮದಕ್ಕಿಂತ ಜಾಸ್ತಿ. ಸುಮಾರು 3.6 ಲಕ್ಷ ಕಿಲೋಮೀಟರ್‌ನಿಂದ 4.05 ಲಕ್ಷದವರೆಗೆ ಹೋಗಿ ಬರುತ್ತಾನೆ. ತೀರಾ ಹತ್ತಿರ ಇದ್ದಾಗ ಸೂರ್ಯನನ್ನು ಮುಚ್ಚುತ್ತಾನೆ, ಇಲ್ಲದಿದ್ದರೆ ಅಂಚು ಉಳಿಯುತ್ತದೆ. ಅವತ್ತು ಡಿಸೆಂಬರ್ ಕೊನೆ ಬೇರೆ. ಸೂರ್ಯ ನಮಗೆ ಹತ್ತಿರ, ಜುಲೈಗಿಂತ ನೂರಕ್ಕೆ ಮೂರು ಪಾಲು ದೊಡ್ಡ ಕಾಣುವ ಸಮಯ. ಎರಡು ಕಕ್ಷೆ ಸೇರಿ ನಿಮ್ಮ ಮಾವನ ಚಾವಡಿಗೆ ಬಳೆ ಹಾಕಿದ್ದು.

ಮುಳ್ಳೇರಿಯ ಡಿಶ್

ಮಾಷ್ಟ್ರೇ, ಮೂರನೇ ನಿಯಮ ಉಂಟಲ್ಲ, ಅದು ನನ್ನ ಹೊಟ್ಟೆಪಾಡಿನದ್ದು ಅಂತ ಯಾರೋ ಹೇಳಿದ್ದರು. ನಾನು ಹತ್ತು ವರ್ಷದಿಂದ ಡಿಶ್ ಕಟ್ಟುತ್ತೇನೆ. ಒಂದು ಸಲ ಮೂಡು ತೆಂಕು ಮೂಲೆಗೆ ತಿರುಗಿಸಿ ಬೋಲ್ಟ್ ಬಿಗಿದರೆ ಮುಗಿಯಿತು. ಸಿಗ್ನಲ್ ಹೋದರೆ ಸ್ಯಾಟಲೈಟಿನ ತಪ್ಪಲ್ಲ, ಎದುರಿನ ಕಂಗು ಬೆಳೆದಿರುತ್ತದೆ. ಸ್ಯಾಟಲೈಟ್ 36,000 ಕಿಲೋಮೀಟರ್ ಮೇಲೆ ಅಂತ ಗೊತ್ತು. ಸ್ವಲ್ಪ ಕೆಳಗೆ ಇಟ್ಟರೆ ಆಗುವುದಿಲ್ಲವಾ?

ನೀರ್ಚಾಲು ಮಾಷ್ಟ್ರು

ಆಗುವುದಿಲ್ಲ. ಕೆಳಗೆ ಇಟ್ಟರೆ ಅದು ಭೂಮಿಗಿಂತ ಬೇಗ ಸುತ್ತುತ್ತದೆ. ನೀವು ಡಿಶ್ ಹಿಡಿದುಕೊಂಡು ಹಿಂದೆ ಓಡಬೇಕು.

ಮೂರನೇ ನಿಯಮ ಕೆಪ್ಲರ್‌ಗೆ ಸಿಕ್ಕಿದ್ದು 1618ರಲ್ಲಿ, ಪುಸ್ತಕದಲ್ಲಿ ಬಂದದ್ದು 1619. ಸುತ್ತುವ ಕಾಲವನ್ನು ಅದರಿಂದಲೇ ಒಂದು ಸಲ ಗುಣಿಸಿ, ಸರಾಸರಿ ದೂರವನ್ನು ಅದರಿಂದಲೇ ಎರಡು ಸಲ ಗುಣಿಸಿ. ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಜೋಯಿಸರ ಗುರುವನ್ನೇ ತೆಗೆದುಕೊಳ್ಳಿ. ಹನ್ನೆರಡು ರಾಶಿ ಸುತ್ತಲಿಕ್ಕೆ 11.86 ವರ್ಷ. ಅದರ ವರ್ಗ ಸುಮಾರು 141. ಯಾವ ಸಂಖ್ಯೆಯ ಘನ 141? 5.2. ಅಂದರೆ ಗುರು ಸೂರ್ಯನಿಂದ ನಮ್ಮ 5.2 ಪಟ್ಟು ದೂರ. ಮನೆಯಲ್ಲಿ ಕೂತು ಗುರುವಿನ ದೂರ ಅಳೆದಾಯಿತು! ಶನಿ 29.5 ವರ್ಷ, ಅವನಿಗೆ 9.5 ಪಟ್ಟು ಬರುತ್ತದೆ. ಒಂದು ರಾಶಿಯಲ್ಲಿ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಸಾಡೇಸಾತಿ ಅಂತ ಹೆದರುವವರು ಬೇಕಾದರೆ ಕೆಪ್ಲರನ್ನೂ ಬೈಯಬಹುದು.

ಇನ್ನು ನಿಮ್ಮ ಡಿಶ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭೂಮಿಯ ನಡುವಿನಿಂದ ಸುಮಾರು 6,780 ಕಿಲೋಮೀಟರ್ ದೂರದಲ್ಲಿ ಉಂಟು. ಒಂದು ಸುತ್ತಿಗೆ 92 ನಿಮಿಷ ಚಿಲ್ಲರೆ. ಟಿವಿ ಸ್ಯಾಟಲೈಟ್ 42,164 ಕಿಲೋಮೀಟರ್. ನೆಲದಿಂದ ಅಲ್ಲ, ಭೂಮಿಯ ನಡುವಿನಿಂದ ಎಣಿಸಬೇಕು, ಮಕ್ಕಳು ಇಲ್ಲೇ ತಪ್ಪುವುದು. 6.2 ಪಟ್ಟು ದೂರ. ಘನ ಮಾಡಿ ವರ್ಗಮೂಲ ತೆಗೆಯಿರಿ, ಸುಮಾರು 15.5 ಪಟ್ಟು ಸಮಯ. ಮೊಬೈಲಿನಲ್ಲಿ ಗುಣಿಸಿ ನೋಡಿ.

ಮುಳ್ಳೇರಿಯ ಡಿಶ್

92.6ರಿಂದ ಗುಣಿಸಿದೆ. 1435 ನಿಮಿಷ. 23 ಗಂಟೆ 55 ನಿಮಿಷ. ಅಯ್ಯೋ, ಒಂದು ದಿನ!

ನೀರ್ಚಾಲು ಮಾಷ್ಟ್ರು

ಭೂಮಿ ತನ್ನ ಸುತ್ತ ಒಮ್ಮೆ ತಿರುಗಲಿಕ್ಕೆ 23 ಗಂಟೆ 56 ನಿಮಿಷ. ನಾವು ಹಿಡಿದದ್ದು ಅಂದಾಜು ಸಂಖ್ಯೆ, ಒಂದು ನಿಮಿಷ ಬಿಟ್ಟುಬಿಡಿ. ಅದಕ್ಕೇ ನಿಮ್ಮ ಬೋಲ್ಟ್ ಸಡಿಲ ಮಾಡಬೇಕಾಗಿಲ್ಲ.

ಗಡಿನಾಡ ಪೋರ

ನಿಜವಾಗಿ ಉದ್ದದ ಕಕ್ಷೆ ಯಾವುದೂ ಇಲ್ಲವಾ ಹಾಗಾದರೆ, ಧೂಮಕೇತು ಬಿಟ್ಟು?

ಬದಿಯಡ್ಕ ಅಡಿಕೆ

ನಮ್ಮ ಮಂಗಳಯಾನ! 2014 ಸೆಪ್ಟೆಂಬರ್ 24ಕ್ಕೆ ಮಂಗಳನ ಸುತ್ತ ಸೇರಿತಲ್ಲ, ಆಗ ಹತ್ತಿರದ ತುದಿ 422 ಕಿಲೋಮೀಟರ್ ಎತ್ತರ, ದೂರದ ತುದಿ ಸುಮಾರು 77,000. ಮೊನ್ನೆಯ ಅಂಗಳದ ಹುಚ್ಚಿನಲ್ಲಿ ಇದನ್ನೂ ಬರೆದೆ. ಗೂಟ ಎರಡೂ ಎರಡು ಕೊನೆಗೆ ಹೋದವು. ಇದು ಸರಿ ಹಲಸಿನಕಾಯಿ. ಈಗ ಅಡಿಕೆ ಹರಗಿ ಆಯಿತು, ಇನ್ನು ಯಾರೂ ಏನೂ ಬರೆಯಲಿಕ್ಕೆ ಹೇಳಬೇಡಿ.

ಆಟಿ ಅಜ್ಜಿಯ ಪುಳ್ಳಿ

ಮಂಗಳ ಅಂದಾಗ ನೆನಪಾಯಿತು. 2018ರಲ್ಲಿ ಮಂಗಳ ತುಂಬಾ ಹತ್ತಿರ ಬರುತ್ತಾನೆ ಅಂತ ಊರಿಗೆ ಬಂದು ನಾಲ್ಕು ರಾತ್ರಿ ಅಂಗಳದಲ್ಲಿ ಕೂತೆ. ಜುಲೈ ಕೊನೆ. ಮಳೆ ಬಿಟ್ಟು ಬೇರೆ ಏನೂ ಕಾಣಲಿಲ್ಲ.

ನೀರ್ಚಾಲು ಮಾಷ್ಟ್ರು

ನಿಮ್ಮ ಗ್ರಹಚಾರ ಅಲ್ಲ ಅದು, ನಮ್ಮ ಕರಾವಳಿಯದ್ದೇ ಗ್ರಹಚಾರ. ಮಂಗಳನ ಕಕ್ಷೆಯ ಹತ್ತಿರದ ತುದಿ ಇರುವ ದಿಕ್ಕನ್ನು ಭೂಮಿ ದಾಟುವುದು ಆಗಸ್ಟ್ ಕೊನೆಗೆ. ಹಾಗಾಗಿ ಅವನು ತೀರಾ ಹತ್ತಿರ ಬರುವುದೆಲ್ಲ ಆಟಿ, ಅದರ ಮುಂದಿನ ತಿಂಗಳು ಸೋಣದ ಆಚೀಚೆ. 2003ರ ಆಗಸ್ಟಿನಲ್ಲಿ 5.58 ಕೋಟಿ ಕಿಲೋಮೀಟರ್, 2018ರಲ್ಲಿ 5.76 ಕೋಟಿ. ಎರಡೂ ಸಲ ಮೋಡ. 2012ರ ಮಾರ್ಚಿನಲ್ಲಿ ಆಕಾಶ ತೊಳೆದಿಟ್ಟ ಹಾಗೆ ಇತ್ತು, ಆಗ ಅವನು 10 ಕೋಟಿ ಕಿಲೋಮೀಟರ್ ಆಚೆ. ಮುಂದಿನ ಒಳ್ಳೆಯ ಅವಕಾಶ 2035ರ ಸೆಪ್ಟೆಂಬರ್ ಮಧ್ಯ. ಮಳೆ ಸ್ವಲ್ಪ ಬಿಟ್ಟಿರಬಹುದು, ನೋಡುವ.

ಪೆರ್ಲದವರೇ, ಒಂದು ಕೇಳಲಿಕ್ಕೆ ಮರೆತೆ. ಮಗಳ ವೃತ್ತ ಎಷ್ಟು ದೊಡ್ಡದು? ಸೂರ್ಯ ನಡುವಿನಿಂದ ಎಷ್ಟು ಪಕ್ಕಕ್ಕೆ? ಸ್ಕೇಲ್ ಹಿಡಿದು ಹೇಳಿ. ಆ ಅರ್ಧ ಮಾರ್ಕು ಅದರ ಮೇಲೆ ಉಂಟು.

ಪೆರ್ಲದ ಅಮ್ಮ

ಅಳೆದೆವು ಮಾಷ್ಟ್ರೇ. ವೃತ್ತದ ಅಡ್ಡಗಲ ಸರಿ 10 ಸೆಂಟಿಮೀಟರ್. ಸೂರ್ಯ ನಡುವಿನಿಂದ 5 ಮಿಲಿಮೀಟರ್ ಪಕ್ಕಕ್ಕೆ, ಸ್ವಲ್ಪ ಕಡಿಮೆಯೇ ಇರಬಹುದು.

ನೀರ್ಚಾಲು ಮಾಷ್ಟ್ರು

ಅಯ್ಯೋ! ಆ ಗಾತ್ರಕ್ಕೆ ಭೂಮಿಗೆ 0.8 ಮಿಲಿಮೀಟರ್ ಸಾಕು. 4.7 ಬಂದರೆ ಅದು ಮಂಗಳ. ಅಗಲ ಕಡಿಮೆಯಾಗುವುದು ಅರ್ಧ ಮಿಲಿಮೀಟರ್‌ನ ಒಳಗೆ, ಪೆನ್ಸಿಲ್ ಗೆರೆಯಲ್ಲೇ ಮುಚ್ಚಿಹೋಗುತ್ತದೆ. ಅವಳು ಬರೆದದ್ದು ಸರಿಯಾದ ಮಂಗಳನ ಕಕ್ಷೆ.

ಪೆರ್ಲದ ಅಮ್ಮ

ಓದಿ ಹೇಳಿದೆ. ಐದು ನಿಮಿಷ ಮಾತಿಲ್ಲ. ಆಮೇಲೆ ಉತ್ತರ ಪತ್ರಿಕೆ ತೆಗೆದು "ಭೂಮಿಯ" ಅನ್ನುವುದನ್ನು ಹೊಡೆದು "ಮಂಗಳನ" ಅಂತ ಬರೆದಿದ್ದಾಳೆ. ನಾಳೆ ಟೀಚರಿಗೆ ತೋರಿಸುತ್ತಾಳಂತೆ. ನಾನು ಬೇಡ ಅಂದೆ, ಕೇಳಬೇಕಲ್ಲ!